ಬೋಡ್: ಮುಂದಾಗುವುದನ್ನು ಸಾರುವ ಕ್ರಿಯಾಪದ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷ್ ಪತ್ರಿಕೆ ಓದುವಾಗ 'ದಿಸ್ ಡಸ್ ನಾಟ್ ಬೋಡ್ ವೆಲ್' ಎಂಬ ಮಾತು ಆಗಾಗ ಸಿಗುತ್ತದೆ. 'ಇದ್ಯಾಕೋ ಒಳ್ಳೆಯ ಲಕ್ಷಣ ಅಲ್ಲ' ಅಂತೀವಲ್ಲ, ಅದೇ ಅರ್ಥ. ನನಗೆ ಬಹಳ ಇಷ್ಟವಾದ ಕ್ರಿಯಾಪದ ಈ ಬೋಡ್.

ಹಳೆಯ ಇಂಗ್ಲಿಷಿನಲ್ಲಿ 'ಬೋಡ' ಅಂದರೆ ದೂತ, 'ಬೋಡಿಯನ್' ಅಂದರೆ ಸುದ್ದಿ ಸಾರುವುದು. ಜರ್ಮನ್ ಭಾಷೆಯಲ್ಲಿ ಈಗಲೂ ದೂತನಿಗೆ 'ಬೋಟೆ' ಎನ್ನುತ್ತಾರೆ. ಮೊದಲು ಸುದ್ದಿ ಸಾರುತ್ತಿದ್ದವನು ಮನುಷ್ಯ. ಬರುಬರುತ್ತಾ ಆ ಕೆಲಸ ಸಂಗತಿಗಳ ಪಾಲಿಗೆ ಬಂತು. ಹಾಗಾಗಿ ಇವತ್ತು 'ಐ ಬೋಡ್' ಎಂದು ಯಾರೂ ಬರೆಯುವುದಿಲ್ಲ. ಮುಂದಾಗುವುದನ್ನು ಮನುಷ್ಯ ಹೇಳಿದರೆ ಪ್ರೆಡಿಕ್ಟ್, ಫೋರ್‌ಕಾಸ್ಟ್ ಇವೆ. ಸಂಗತಿಯೇ ಸೂಚನೆ ಕೊಟ್ಟರೆ ಬೋಡ್.

ಇದು ಒಂಟಿಯಾಗಿ ಬರುವುದು ಕಡಿಮೆ. ಒಳ್ಳೆಯದಕ್ಕೆ 'ವೆಲ್', ಕೆಟ್ಟದ್ದಕ್ಕೆ 'ಇಲ್' ಜೊತೆಗಿರುತ್ತದೆ. ಈ 'ಇಲ್' ಕಾಯಿಲೆಯಲ್ಲ, ಕೇಡು. ಯಾರಿಗೆ, ಯಾವುದಕ್ಕೆ ಎಂದು ಹೇಳಲು 'ಫಾರ್' ಸೇರಿಸಬೇಕು. 'ಲೋ ರೇನ್‌ಫಾಲ್ ಬೋಡ್ಸ್ ಇಲ್ ಫಾರ್ ದ ಕ್ರಾಪ್', ಅಂದರೆ ಮಳೆ ಕಡಿಮೆಯಾಗಿದೆ, ಬೆಳೆಗೆ ಕಷ್ಟ ಕಾದಿದೆ. 'ಬೋಡ್ಸ್ ಗುಡ್' ಎಂದು ಕೆಲವರು ಬರೆಯುತ್ತಾರೆ, 'ಬೋಡ್ಸ್ ವೆಲ್' ಸರಿ.

ಮಳೆಯ ಮಾತಿನಲ್ಲಿ ಶಕುನದ ನಂಬಿಕೆ ಏನೂ ಇಲ್ಲ, ಅಲ್ವಾ? ಕಾರಣ ನೋಡಿ ಫಲ ಊಹಿಸಿದ್ದು ಅಷ್ಟೇ. ಶಕುನ ನಂಬದವರೂ ಧೈರ್ಯವಾಗಿ ಬಳಸಬಹುದು. ಹೀಗೇ ಆಗುತ್ತದೆ ಎಂದು ಇದು ಹಟ ಹಿಡಿಯುವುದಿಲ್ಲ, ಗುರುತು ಕಾಣುತ್ತಿದೆ ಎನ್ನುತ್ತದೆ. ಆ ಎಚ್ಚರವೇ ನನಗೆ ಹಿಡಿಸುವುದು.

ನಿಜವಾದ ಶಕುನದಿಂದಲೇ ಹುಟ್ಟಿದ ಇನ್ನೊಂದು ಪದ ಇದೆ: 'ಆಗರ್'. ಪ್ರಾಚೀನ ರೋಮ್‌ನಲ್ಲಿ ಹಕ್ಕಿಗಳ ಹಾರಾಟ, ಕೂಗು ನೋಡಿ ದೇವರ ಒಪ್ಪಿಗೆ ತಿಳಿಯುತ್ತಿದ್ದ ಅರ್ಚಕರಿಗೆ ಆ ಹೆಸರು. ಪ್ರಸಿದ್ಧ ಭಾಷಣಕಾರ ಸಿಸೆರೊ ಕೂಡ ಆಗರ್ ಆಗಿದ್ದ. ಸಾಕಿದ ಕೋಳಿಗಳು ಕಾಳು ತಿಂದರೆ ಶುಭ ಎಂಬ ನಂಬಿಕೆಯೂ ಇತ್ತು. ಕ್ರಿ.ಪೂ. 249ರಲ್ಲಿ ಡ್ರೆಪಾನ ನೌಕಾಯುದ್ಧಕ್ಕೆ ಮುಂಚೆ ಕೋಳಿಗಳು ಕಾಳು ಮುಟ್ಟಲಿಲ್ಲವಂತೆ. 'ತಿನ್ನದಿದ್ದರೆ ಕುಡಿಯಲಿ' ಎಂದು ಸೇನಾಪತಿ ಕ್ಲಾಡಿಯಸ್ ಪುಲ್ಕರ್ ಅವನ್ನು ನೀರಿಗೆ ಹಾಕಿಸಿದ ಎಂದು ಸಿಸೆರೊ ಬರೆದಿದ್ದಾನೆ. ಆ ಯುದ್ಧದಲ್ಲಿ ರೋಮ್ ಸೋತಿತು. ಉದ್ಘಾಟನೆಗೆ ಹೇಳುವ 'ಇನಾಗುರೇಷನ್' ಕೂಡ ಇದೇ ಬೇರಿನದು. ಕ್ರಿಯಾಪದವಾಗಿ 'ಆಗರ್ಸ್ ವೆಲ್' ಎಂದರೂ 'ಬೋಡ್ಸ್ ವೆಲ್' ಎಂದರೂ ಅರ್ಥ ಒಂದೇ. ಆಗರ್ ಸ್ವಲ್ಪ ಗಂಭೀರ ಬರಹದ ಮಾತು.

ಕೊನೆಗೆ 'ಫೋರ್‌ಬೋಡಿಂಗ್'. ಬೋಡ್ ಒಳ್ಳೆಯದನ್ನೂ ಸಾರೀತು. ಫೋರ್‌ಬೋಡಿಂಗ್ ಮಾತ್ರ ಸಾಮಾನ್ಯವಾಗಿ ಕೇಡಿನ ಕಡೆಗೇ. ಏನೋ ಕೆಟ್ಟದ್ದು ಆಗಲಿದೆ ಎಂಬ ಅಳುಕಿಗೆ ಆ ಹೆಸರು. ಆ ಅಳುಕು ಇರುವುದು ಮನುಷ್ಯನ ಮನಸ್ಸಿನಲ್ಲಿ. ಅದಕ್ಕೇ 'ಐ ಹ್ಯಾಡ್ ಎ ಫೋರ್‌ಬೋಡಿಂಗ್' ಎನ್ನಬಹುದು.

ನಮಸ್ಕಾರ.