ಪಟ್ಟಿ ಬಿಡಿ, ಒಂದು ಸೋಲೋ ಹಿಡಿಯಿರಿ

ನಮಸ್ಕಾರ. ಹಾಸನದಿಂದ ಮಾತಾಡುತ್ತಿದ್ದೇನೆ. ಹಿಂದೆ ಕೇಳಿಸುತ್ತಿರುವುದು ಮಳೆ, ಮೈಕ್ ಕೆಟ್ಟಿಲ್ಲ. ಇವತ್ತಿನ ವಿಷಯ ಸ್ನೇರ್ ಡ್ರಮ್, ಅಂದರೆ ಕೆಳಗಡೆ ತಂತಿ ಕಟ್ಟಿರುವ ಡ್ರಮ್, ಅದರಲ್ಲೂ ರೂಡಿಮೆಂಟಲ್ ಸೋಲೋ. ಒಂದೇ ಡ್ರಮ್, ಎರಡು ಸ್ಟಿಕ್, ಒಂದು ಪುಟದ ನೊಟೇಶನ್. ಅದನ್ನು ಮೊದಲಿಂದ ಕೊನೆವರೆಗೆ ನಿಲ್ಲಿಸದೆ ನುಡಿಸಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರಿಗೆ ಜಗಳಕ್ಕೆ ತಯಾರಾಗಲು ಟೈಮ್ ಸಿಗಲಿ. ನಲವತ್ತು ರೂಡಿಮೆಂಟ್‌ಗಳ ಪಟ್ಟಿ ಗೋಡೆಗೆ ಅಂಟಿಸಿಕೊಂಡು ಒಂದೊಂದಕ್ಕೂ ಟಿಕ್ ಹಾಕುತ್ತಾ ಕೂರಬೇಡಿ. ಐದಾರು ರೂಡಿಮೆಂಟ್ ಕೈಗೆ ಹತ್ತಿದ ಕೂಡಲೇ ಒಂದು ಸೋಲೋ ಹಿಡಿಯಿರಿ. ಮುಂದೆ ಯಾವುದು ಕಲಿಯಬೇಕು ಅನ್ನುವುದನ್ನು ಆ ಸೋಲೋನೇ ಹೇಳುತ್ತದೆ.

ಹೊಸಬರಿಗೆ ಒಂದು ಮಾತು. ರೂಡಿಮೆಂಟ್ ಅಂದರೆ ಏಟುಗಳ ಸಣ್ಣ ಸಣ್ಣ ಕಟ್ಟು. ಯಾವ ಏಟು ಯಾವ ಕೈಗೆ ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದು ಪ್ಯಾರಡಿಡಲ್. ಒಂದು ಕೈಯ ಸಣ್ಣ ಏಟು ಇನ್ನೊಂದು ಕೈಯ ದೊಡ್ಡ ಏಟಿಗಿಂತ ಕೂದಲೆಳೆಯಷ್ಟು ಮುಂಚೆ ಬಿದ್ದರೆ ಫ್ಲ್ಯಾಮ್. ಪ್ರತಿ ಕೈಗೆ ಎರಡೆರಡು ಏಟು ಕೊಟ್ಟು ಓಡಿಸಿದರೆ ರೋಲ್. ಹೀಗೇ ಉಳಿದವು.

ಈಗ ಆ ಪಟ್ಟಿ ಎಲ್ಲಿಂದ ಬಂತು ನೋಡೋಣ. 1933ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕೆಲವು ಡ್ರಮ್ಮರ್‌ಗಳು ಸೇರಿ ಒಂದು ಸಂಘ ಕಟ್ಟಿದರು. ಮೊದಲು ಹದಿಮೂರು ರೂಡಿಮೆಂಟ್ ಆರಿಸಿದರು. ಸಂಘಕ್ಕೆ ಸೇರಬೇಕಾದರೆ ಆ ಹದಿಮೂರನ್ನೂ ನುಡಿಸಿ ತೋರಿಸಬೇಕಿತ್ತು. ಆಮೇಲೆ ಇನ್ನೊಂದು ಹದಿಮೂರು ಸೇರಿ 26 ಆಯಿತು. 1984ರಲ್ಲಿ ಪರ್ಕಸಿವ್ ಆರ್ಟ್ಸ್ ಸೊಸೈಟಿಯವರು ಅದನ್ನು 40ಕ್ಕೆ ಏರಿಸಿದರು. ಅಂದರೆ ಈ ಪಟ್ಟಿ ಹುಟ್ಟಿದ್ದೇ ಪರೀಕ್ಷೆಯ ಅನುಕೂಲಕ್ಕೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪರೀಕ್ಷೆಗೆ ಮಾಡಿದ ಪಟ್ಟಿಯನ್ನೇ ನಾವು ಸಂಗೀತ ಅಂದುಕೊಂಡು ಕೂತಿದ್ದೇವೆ.

ಡ್ರಮ್ಮಿನ ಕೆಲಸ ಈ ಪಟ್ಟಿಗಿಂತ ಬಹಳ ಹಳೆಯದು. ಸೈನ್ಯದ ಶಿಬಿರದಲ್ಲಿ ಏಳುವುದಕ್ಕೆ, ಊಟಕ್ಕೆ, ಹೊರಡುವುದಕ್ಕೆ ಎಲ್ಲದಕ್ಕೂ ಡ್ರಮ್ಮೇ ಗಂಟೆ. ‘ತ್ರೀ ಕ್ಯಾಂಪ್ಸ್’ ಅಂತ ಒಂದು ಹಳೆಯ ತುಣುಕಿದೆ. ಅಮೆರಿಕದ ಸೈನ್ಯದಲ್ಲಿ ಬೆಳಗ್ಗೆ ಎಬ್ಬಿಸುವಾಗ ಬಾರಿಸುತ್ತಿದ್ದ ತುಣುಕುಗಳಲ್ಲಿ ಇದೂ ಒಂದು. ಇವತ್ತಿಗೂ ಕಲಿಯುವವರು ಅದನ್ನು ನುಡಿಸುತ್ತಾರೆ. ಆ ಕಾಲದ ಹುಡುಗರೂ ರೂಡಿಮೆಂಟ್ ಪಾಠ ಮಾಡಿದ್ದಾರೆ, ಇಲ್ಲ ಅನ್ನುತ್ತಿಲ್ಲ. ಆದರೆ ನಾಳೆ ಬೆಳಗ್ಗೆ ಇಡೀ ತುಣುಕು ಬಾರಿಸಬೇಕು ಅಂತ ಗೊತ್ತಿದ್ದು ಮಾಡಿದ ಪಾಠ ಅದು.

ಪಟ್ಟಿಯಲ್ಲಿ ಸಿಗದೆ ಸೋಲೋದಲ್ಲಿ ಸಿಗುವುದು ಏನು? ಸಂದು. ಒಂದು ಕಟ್ಟು ಮುಗಿದು ಇನ್ನೊಂದು ಶುರುವಾಗುವ ಜಾಗ.

ಒಂದು ಉದಾಹರಣೆ ಕೊಡುತ್ತೇನೆ, ಕೈಯಲ್ಲಿ ಸ್ಟಿಕ್ ಇದ್ದರೆ ಈಗಲೇ ಮಾಡಿ ನೋಡಿ. ಏಳು ಏಟಿನ ರೋಲ್: ಬಲ ಬಲ, ಎಡ ಎಡ, ಬಲ ಬಲ, ಎಡ. ಕೊನೆಯ ಎಡಗೈ ಏಟು ಜೋರಾಗಿ ಬೀಳಬೇಕು, ಅದು ಆ್ಯಕ್ಸೆಂಟ್. ಬರೀ ಇದನ್ನೇ ಹತ್ತು ನಿಮಿಷ ನುಡಿಸಿ, ಯಾವ ಕಷ್ಟವೂ ಇಲ್ಲ. ಈಗ ಅದರ ಹಿಂದೆಯೇ ಬಲಗೈಯ ಫ್ಲ್ಯಾಮ್ ಇಡಿ. ಬಲಗೈ ಫ್ಲ್ಯಾಮ್‌ನಲ್ಲಿ ಸಣ್ಣ ಏಟು ಕೊಡುವುದು ಎಡಗೈ. ಅಂದರೆ ಈಗಷ್ಟೇ ಮೇಲಿಂದ ಬಂದು ಜೋರಾಗಿ ಹೊಡೆದ ಅದೇ ಎಡಗೈ ಡ್ರಮ್ಮಿನ ಹತ್ತಿರವೇ ನಿಂತುಬಿಡಬೇಕು. ಅಲ್ಲಿಂದಲೇ ಮೆಲ್ಲಗೆ ಒಂದು ತಟ್ಟು ತಟ್ಟಬೇಕು. ಹೆಚ್ಚಿನವರ ಎಡಗೈ ನಿಲ್ಲುವುದಿಲ್ಲ. ಹೊಡೆದ ರಭಸಕ್ಕೆ ಮೇಲಕ್ಕೆ ಪುಟಿಯುತ್ತದೆ. ಆಗ ಎರಡೂ ಕೈ ಒಟ್ಟಿಗೆ ಬಿದ್ದು ಫ್ಲ್ಯಾಮ್ ಚಪ್ಪಟೆಯಾಗುತ್ತದೆ. ಏಳು ಏಟಿನ ರೋಲ್‌ಗೂ ಟಿಕ್ ಬಿದ್ದಿದೆ, ಫ್ಲ್ಯಾಮ್‌ಗೂ ಟಿಕ್ ಬಿದ್ದಿದೆ. ಎರಡರ ನಡುವಿನ ಸಂದಿಗೆ ಪಟ್ಟಿಯಲ್ಲಿ ಜಾಗವೇ ಇಲ್ಲ ಅಲ್ವಾ?

ಅದಕ್ಕೇ ಸೋಲೋ ಕಲಿಯುವಾಗ ಬಾರ್ ಲೆಕ್ಕದಲ್ಲಿ ಕಲಿಯಬೇಡಿ. ಬಾರ್ ಅಂದರೆ ನೊಟೇಶನ್‌ನಲ್ಲಿ ಎರಡು ಗೆರೆಗಳ ನಡುವಿನ ಭಾಗ. ಒಂದನೇ ಬಾರ್ ಪರ್ಫೆಕ್ಟ್, ಎರಡನೇ ಬಾರ್ ಪರ್ಫೆಕ್ಟ್, ಜೋಡಿಸಿದರೆ ಎರಡೂ ಹಾಳು, ಎಲ್ಲರ ಅನುಭವವೂ ಇದೇ. ಒಂದು ಬಾರಿನ ಕೊನೆಯ ಎರಡು ಬೀಟ್, ಮುಂದಿನ ಬಾರಿನ ಮೊದಲ ಎರಡು ಬೀಟ್. ಇಷ್ಟನ್ನೇ ಕತ್ತರಿಸಿಕೊಂಡು ಸುತ್ತು ಹಾಕಿ. ಹಾಗೆಯೇ ಪುಟದಲ್ಲಿ ಎಲ್ಲಕ್ಕಿಂತ ಕಷ್ಟದ ಸಾಲಿನಿಂದ ಶುರು ಮಾಡಿ, ಮೇಲಿಂದ ಕೆಳಕ್ಕೆ ಹೋಗಬೇಡಿ. ಮೇಲಿಂದ ಹೋದವರಿಗೆ ಮೊದಲ ಸಾಲು ಚಿನ್ನದಂತೆ ಬರುತ್ತದೆ, ಕೊನೆಯ ಸಾಲಿನಲ್ಲಿ ಟೈಮ್ ಹರಿದುಹೋಗುತ್ತದೆ. ಕೇಳುವವರಿಗೆ ನೆನಪಿನಲ್ಲಿ ಉಳಿಯುವುದು ಕೊನೆಯ ಸಾಲೇ.

ವೇಗದ ವಿಷಯ. ಇದಕ್ಕೆ ಬಯ್ಯದೆ ಇರಲು ಆಗುವುದಿಲ್ಲ. ರೀಲ್ಸ್ ನೋಡಿ ಬಂದ ಹುಡುಗರು, ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮನ್ನು ಶುರುವಿನಲ್ಲೇ 140ಕ್ಕೆ, ಅಂದರೆ ನಿಮಿಷಕ್ಕೆ 140 ಬೀಟ್‌ಗೆ, ಇಡುತ್ತಾರೆ. 60ಕ್ಕೆ ಇಳಿಸು ಅಂದರೆ ಮುಖ ಸಣ್ಣದಾಗುತ್ತದೆ. ಆದರೆ ಬಂಡವಾಳ ಬಯಲಾಗುವುದು 60ರಲ್ಲೇ. ಎರಡು ಏಟುಗಳ ನಡುವೆ ಅಷ್ಟು ಖಾಲಿ ಜಾಗ ಇದ್ದಾಗ ಕೈ ಸುಮ್ಮನಿರುವುದಿಲ್ಲ, ಮುಂದಕ್ಕೆ ಓಡುತ್ತದೆ. ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದಲ್ಲಿ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರನ್ನು ಕೊಟ್ಟ ಊರು. ಅಂಥ ಸಂಗೀತದ ಊರಿನವರಿಗೆ ಒಂದೇ ಪಾಠವನ್ನು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಮಾಡುವುದು ಏಕೆ ಅಂತ ವಿವರಿಸಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಕಾಲ ಬದಲಾದರೆ ವೇಗ ನೇರವಾಗಿ ಎರಡರಷ್ಟು. ರೂಡಿಮೆಂಟ್ ನುಡಿಸುವವರ ಹಳೆಯ ಪದ್ಧತಿಯಲ್ಲಿ ತೀರಾ ನಿಧಾನವಾಗಿ ಶುರು ಮಾಡಿ, ಗೊತ್ತಾಗದ ಹಾಗೆ ಏರಿಸುತ್ತಾ ಹೋಗಿ, ಕೈ ಎಷ್ಟು ಓಡುತ್ತದೋ ಅಷ್ಟು ಓಡಿಸಿ, ಮತ್ತೆ ಅಷ್ಟೇ ನಿಧಾನವಾಗಿ ಇಳಿಯಬೇಕು. ಇಳಿಯುವುದು ಏರುವುದಕ್ಕಿಂತ ಕಷ್ಟ. ದಿನಾ ಎರಡನ್ನೂ ಮಾಡಿ. ಕಾಲ ಲೆಕ್ಕ ಕಲಿಸುತ್ತದೆ, ಈ ಏರಿಳಿತ ಕೈ ಎಲ್ಲಿ ಬಿಗಿಯಾಗುತ್ತದೆ ಅಂತ ತೋರಿಸುತ್ತದೆ.

ಬಾಯಲ್ಲಿ ಹೇಳದೆ ಕೈಯಲ್ಲಿ ನುಡಿಸಬೇಡಿ. ಬೋಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಆ್ಯಲನ್ ಡಾಸನ್ ತಮ್ಮ ವಿದ್ಯಾರ್ಥಿಗಳಿಂದ ನುಡಿಸುವಾಗಲೇ ಹಾಡಿಸುತ್ತಿದ್ದರು. ಜಾಝ್ ಡ್ರಮ್ಮರ್ ಟೋನಿ ವಿಲಿಯಮ್ಸ್ ಈ ಡಾಸನ್ ಅವರ ಶಿಷ್ಯ. ನಮಗಂತೂ ತಕ, ತಕಿಟ, ತಕದಿಮಿ ಮನೆಯ ಆಸ್ತಿ. ಎಣಿಕೆಗೆ ಇದು ಒಳ್ಳೆಯದು. ಆದರೆ ಯಾವ ಕೈ ಅನ್ನುವುದನ್ನು ತಕದಿಮಿ ಹೇಳುವುದಿಲ್ಲ. ಸೋಲೋದಲ್ಲಿ ಅರ್ಧ ವಿಷಯ ಇರುವುದೇ ಕೈಯಲ್ಲಿ. ಆದ್ದರಿಂದ ಎರಡು ಸಲ ಹೇಳಿ. ಒಂದು ಸಲ ಸೊಲ್ಲುಕಟ್ಟಿನಲ್ಲಿ, ಇನ್ನೊಂದು ಸಲ ಬಲ ಎಡ ಅಂತ. ಬಸ್ಸಿನಲ್ಲಿ ಕೂತು ಹೇಳಬಹುದು, ಪಕ್ಕದವರು ಒಂದು ತರಹ ನೋಡುತ್ತಾರೆ, ನೋಡಲಿ.

ಪ್ಯಾಡ್, ಅಂದರೆ ಡ್ರಮ್ಮಿನ ಬದಲು ಅಭ್ಯಾಸಕ್ಕೆ ಇಟ್ಟುಕೊಳ್ಳುವ ರಬ್ಬರ್ ಹಲಗೆ, ಅದರ ಬಗ್ಗೆ ಬೇಗ ಮುಗಿಸುತ್ತೇನೆ. ಹವಾಯಿ ಚಪ್ಪಲಿ ಅಟ್ಟೆಯನ್ನು ಪ್ಲೈವುಡ್ಡಿಗೆ ಅಂಟಿಸಿಕೊಂಡರೂ ನಡೆಯುತ್ತದೆ. ಅಕ್ಕಪಕ್ಕದ ಮನೆಯವರ ನಿದ್ದೆಯೂ ಉಳಿಯುತ್ತದೆ. ಆದರೆ ರಬ್ಬರ್ ಸುಳ್ಳು ಹೇಳುತ್ತದೆ. ಸ್ಟಿಕ್ಕನ್ನು ಅದೇ ಎತ್ತಿ ಕೊಡುತ್ತದೆ, ರೋಲ್‌ನ ಎರಡನೇ ಏಟು ನಿಮಗೆ ಫ್ರೀ. ವಾರದಲ್ಲಿ ಒಂದೆರಡು ದಿನ ದಿಂಬಿನ ಮೇಲೆ ನುಡಿಸಿ, ಆ ಏಟನ್ನು ನೀವೇ ಹೊಡೆಯಬೇಕಾಗುತ್ತದೆ. ಇನ್ನು ಅಷ್ಟೇ ಮುಖ್ಯ, ಆಗಾಗ ನಿಜವಾದ ಡ್ರಮ್ ಮೇಲೆ ನುಡಿಸಿ. ಕೆಳಗಿನ ತಂತಿ ಮೆಲ್ಲಗಿನ ಏಟಿಗೂ ಮಾತಾಡುತ್ತದೆ. ಪ್ಯಾಡ್ ಮೇಲೆ ಮುಚ್ಚಿಹೋಗಿದ್ದ ಗಲೀಜೆಲ್ಲ ಅಲ್ಲಿ ಹೊರಗೆ ಬರುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಹಾಸನದಲ್ಲಿ ಸ್ನೇರ್ ನುಡಿಸುವ ಮಕ್ಕಳು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ನೋಡಿ. ಶಾಲೆಯ ಬ್ಯಾಂಡ್ ಸೆಟ್ಟಿನಲ್ಲಿ ಹೆಗಲಿಗೆ ಪಟ್ಟಿ ಹಾಕಿಕೊಂಡು ಸೈಡ್ ಡ್ರಮ್ ಹೊಡೆಯುವ ಹುಡುಗ ಹುಡುಗಿಯರು ಇದೇ ಪರಂಪರೆಯವರು. ಹೆಗಲಿನ ಪಟ್ಟಿಯಲ್ಲಿ ನೇತುಹಾಕಿದ ಡ್ರಮ್ ಒಂದು ಕಡೆ ವಾಲುತ್ತದೆ, ಅದಕ್ಕೇ ಎಡಗೈ ಅಂಗೈ ಮೇಲೆ ಮಾಡಿ ಸ್ಟಿಕ್ ಹಿಡಿಯುವ ರೂಢಿ ಬಂತು. ಈಗ ದೊಡ್ಡ ದೊಡ್ಡ ಜಾಝ್ ಡ್ರಮ್ಮರ್‌ಗಳು ಸ್ಟೂಲ್ ಮೇಲೆ ಕೂತು ಹಿಡಿಯುವುದೂ ಹಾಗೆಯೇ.

ಆದರೆ ಆ ಮಕ್ಕಳಿಗೆ ಕಲಿಸುವುದು ಏನು? ಒಂದು ಮಾರ್ಚ್ ಬೀಟ್. ಅದನ್ನೇ ಮೈದಾನ ಪೂರ್ತಿ ಸುತ್ತುವವರೆಗೆ ಹೊಡೆಯುತ್ತಾರೆ. ಎಡಗೈಗೆ ಎಷ್ಟೋ ಕಡೆ ಕೆಲಸವೇ ಇಲ್ಲ. ಬ್ಯಾಂಡ್ ಅಂದರೆ ನಮ್ಮವರು ಮೊದಲು ಯೂನಿಫಾರ್ಮ್ ನೋಡುತ್ತಾರೆ, ಆಮೇಲೆ ಹೆಜ್ಜೆ, ಕೊನೆಗೆ ಕಿವಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಸ್ಟಿಕ್ಕು ಶಾಲೆಯ ಬೀರು ಸೇರುತ್ತದೆ, ಮಗು ಪಿಯುಸಿ ಸೇರುತ್ತದೆ, ಕಥೆ ಮುಗಿಯಿತು. ನಾಲ್ಕು ವರ್ಷ ಸ್ಟಿಕ್ ಹಿಡಿದ ಮಗುವಿಗೆ ಹದಿನಾರು ಬಾರಿನ ಒಂದು ಸೋಲೋ ಬರುವುದಿಲ್ಲ ಅಂದರೆ ಅದು ಮಗುವಿನ ತಪ್ಪಲ್ಲ. ಪಿ.ಟಿ. ಮೇಷ್ಟ್ರುಗಳೇ, ಬ್ಯಾಂಡ್ ಮಾಸ್ಟರ್‌ಗಳೇ, ಪರೇಡ್ ಮುಗಿದ ಮೇಲಿನ ತಿಂಗಳುಗಳಲ್ಲಿ ವಾರಕ್ಕೆ ಒಂದು ಪೀರಿಯಡ್ ಕೊಡಿ. ಡ್ರಮ್ ಇದೆ, ಸ್ಟಿಕ್ ಇದೆ, ಮಕ್ಕಳೂ ಇದ್ದಾರೆ. ಇದಕ್ಕೆ ಗ್ರ್ಯಾಂಟ್ ಬೇಕಿಲ್ಲ.

ಇದಕ್ಕೆ ಬರುವ ಪ್ರಶ್ನೆ ಗೊತ್ತು. "ಸಾರ್, ಇದನ್ನು ಹಾಸನದಲ್ಲಿ ಯಾರು ಕೇಳುತ್ತಾರೆ? ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಬಂದರೆ ಸಾಕು." ನಿಜ, ಗಣಪತಿ ಪೆಂಡಾಲಿನಲ್ಲಿ ಯಾರೂ ಸ್ನೇರ್ ಸೋಲೋ ಕೇಳುವುದಿಲ್ಲ. ಕಚೇರಿಯಲ್ಲಿ ತನಿ ಆವರ್ತನ ಶುರುವಾದರೆ ಕಾಫಿಗೆ ಏಳುವ ಜನ ನಾವು. ದುಡ್ಡು ಬರುತ್ತದೆ ಅಂತ ನಾನು ಹೇಳುವುದೇ ಇಲ್ಲ. ಆದರೆ ಅಮೆರಿಕದ ಡ್ರಮ್ಮರ್ ಸ್ಟೀವ್ ಗ್ಯಾಡ್ ಬೆಳೆದದ್ದು ಡ್ರಮ್ ಕೋರ್‌ನಲ್ಲಿ, ಅಂದರೆ ಮಾರ್ಚಿಂಗ್ ಡ್ರಮ್ ತಂಡದಲ್ಲಿ. 1975ರಲ್ಲಿ ಪಾಲ್ ಸೈಮನ್ ಅವರ ‘ಫಿಫ್ಟಿ ವೇಸ್ ಟು ಲೀವ್ ಯುವರ್ ಲವರ್’ ಹಾಡಿಗೆ ಅವರು ನುಡಿಸಿದ ಬೀಟ್ ಕೇಳಿ, ಮಾರ್ಚಿಂಗ್ ಸ್ನೇರ್ ಪಾಪ್ ಹಾಡಿನೊಳಗೆ ಬಂದು ಕೂತಿದೆ. ಜಾಝ್ ಡ್ರಮ್ಮರ್ ಫಿಲ್ಲಿ ಜೋ ಜೋನ್ಸ್, ಚಾರ್ಲಿ ವಿಲ್ಕಾಕ್ಸನ್ ಬರೆದ ಸೋಲೋಗಳನ್ನು ಅರೆದು ಕುಡಿದವರು, ಅದರ ತುಣುಕು ಅವರ ಜಾಝ್ ರೆಕಾರ್ಡುಗಳಲ್ಲಿ ಕೇಳಿಸುತ್ತದೆ. ಇವರ ಕೈಗೆ ಹತ್ತಿದ್ದು ಬಿಡಿ ಬಿಡಿ ಏಟುಗಳಲ್ಲ, ಪೂರ್ತಿ ವಾಕ್ಯಗಳು. ಆರ್ಕೆಸ್ಟ್ರಾದಲ್ಲಿ ಚರಣದ ಕೊನೆಗೆ ಫಿಲ್, ಅಂದರೆ ಖಾಲಿ ಜಾಗ ತುಂಬುವ ಸಣ್ಣ ತುಣುಕು, ಹೊಡೆಯುವಾಗ ಬೇಕಾಗುವುದೂ ಅದೇ.

ಇನ್ನೊಂದು ಆಕ್ಷೇಪಣೆಗೆ ಸ್ವಲ್ಪ ಮರ್ಯಾದೆ ಕೊಡುತ್ತೇನೆ. ಅಡಿಪಾಯ ಇಲ್ಲದೆ ಸೋಲೋ ಹಿಡಿದರೆ ಕೆಟ್ಟ ಅಭ್ಯಾಸ ಕೂತುಬಿಡುತ್ತದೆ ಅನ್ನುತ್ತಾರೆ. ಸರಿ, ಕೂರುತ್ತದೆ. ಅದಕ್ಕೇ ಐದಾರು ಅಂದೆ, ಸೊನ್ನೆ ಅನ್ನಲಿಲ್ಲ. ಸಿಂಗಲ್, ಡಬಲ್, ಪ್ಯಾರಡಿಡಲ್, ಫ್ಲ್ಯಾಮ್, ಐದು ಏಟಿನ ರೋಲ್. ಇಷ್ಟಿರಲಿ. ಮತ್ತು ಮೊದಲ ಸೋಲೋ ಸುಲಭದ್ದಿರಲಿ. ಜಾನ್ ಪ್ರ್ಯಾಟ್ 1959ರಲ್ಲಿ ಪ್ರಕಟಿಸಿದ ಕಾಂಟೆಸ್ಟ್ ಸೋಲೋಗಳು ಬಹಳ ಚೆನ್ನಾಗಿವೆ, ಆದರೆ ಹೊಸಬರು ಅದಕ್ಕೆ ಕೈ ಹಾಕುವುದು ಬೇಡ. ‘ತ್ರೀ ಕ್ಯಾಂಪ್ಸ್’ ಹಿಡಿಯಿರಿ. ರೋಲ್ ಬಿಟ್ಟರೆ ಹೆಚ್ಚೇನೂ ಇಲ್ಲ, ಆ್ಯಕ್ಸೆಂಟ್ ಜಾಗ ಬದಲಿಸುತ್ತದೆ ಅಷ್ಟೇ. ಆ ಅಷ್ಟಕ್ಕೇ ತಿಂಗಳುಗಳು ಹಿಡಿಯುತ್ತವೆ.

ಮುಂದಿನ ವಿಡಿಯೋದಲ್ಲಿ ಅದರ ಮೊದಲ ಭಾಗವನ್ನು 60ರಲ್ಲಿ ನುಡಿಸಿ ತೋರಿಸುತ್ತೇನೆ, ಎಡಗೈಯಿಂದ ಶುರು ಮಾಡಿ ಇನ್ನೊಂದು ಸಲ. ಬ್ಯಾಂಡಿನಲ್ಲಿ ಇರುವ ಮಕ್ಕಳು ಯಾರಾದರೂ ನೋಡುತ್ತಿದ್ದರೆ ನಿಮ್ಮ ಶಾಲೆಯ ಮಾರ್ಚ್ ಬೀಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಅದರಲ್ಲಿ ಯಾವ ಯಾವ ರೂಡಿಮೆಂಟ್ ಅಡಗಿದೆ ಅಂತ ಒಟ್ಟಿಗೆ ಬಿಡಿಸಿ ನೋಡೋಣ.