ಬಿಲ್ಟ್-ಇನ್ ಬಳಸಿದರೆ ಮಾರ್ಕ್ಸ್ ಯಾಕೆ ಕಟ್?

ನಮಸ್ಕಾರ ಎಲ್ಲರಿಗೂ. ಇವತ್ತು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಮಾತು. ಅದರಲ್ಲೂ ಪೈಥಾನ್ ಜೊತೆಗೇ ಬರುವ, ಹೆಸರು ಬರೆದರೆ ಒಂದು ಕೆಲಸ ಮಾಡಿಕೊಡುವ ಬಿಲ್ಟ್-ಇನ್ ಫಂಕ್ಷನ್‌ಗಳ ಬಗ್ಗೆ.

ಪ್ರೋಗ್ರಾಮಿಂಗ್ ಲ್ಯಾಬ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ. "ಬಿಲ್ಟ್-ಇನ್ ಫಂಕ್ಷನ್ ಬಳಸದೆ ಪ್ರೋಗ್ರಾಂ ಬರೆಯಿರಿ." ಲಿಸ್ಟ್‌ನಲ್ಲಿ ದೊಡ್ಡ ಸಂಖ್ಯೆ ಹುಡುಕಬೇಕು, ಆದರೆ ಮ್ಯಾಕ್ಸ್ ಮುಟ್ಟುವಂತಿಲ್ಲ. ಕೂಡಬೇಕು, ಆದರೆ ಸಮ್ ಬೇಡ. ಕ್ರಮವಾಗಿ ಜೋಡಿಸಲು ಸಾರ್ಟೆಡ್ ಅಂತ ಬರೆದರೆ ಮಾರ್ಕ್ಸ್ ಕಟ್.

ಪಕ್ಕಪಕ್ಕದ ಸಂಖ್ಯೆಗಳನ್ನು ಅದಲುಬದಲು ಮಾಡುತ್ತಾ ಜೋಡಿಸುವ ಬಬಲ್ ಸಾರ್ಟ್ ಅನ್ನು ಒಂದು ಸಲ ಕೈಯಾರೆ ಬರೆಯಲಿ, ನನ್ನ ತಕರಾರಿಲ್ಲ. ಲೂಪ್ ಒಳಗೆ, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳಲ್ಲಿ, ಏನಾಗುತ್ತದೆ ಅಂತ ತಿಳಿಯಲೇಬೇಕು. ಆದರೆ ಸೆಮಿಸ್ಟರ್ ಪೂರ್ತಿ ಇದೇ ನಡೆದರೆ, ಬಿಲ್ಟ್-ಇನ್ ಅಂದರೆ ಅಡ್ಡದಾರಿ ಅನ್ನೋದು ಹುಡುಗರ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಕೆಲಸಕ್ಕೆ ಸೇರಿದಾಗ ಎರಡು ಸಾಲಿನಲ್ಲಿ ಮುಗಿಯುವುದನ್ನು ಹದಿನೈದು ಸಾಲು ಬರೆಯುತ್ತಾರೆ. ಇಲ್ಲವೇ ಬಿಲ್ಟ್-ಇನ್ ಬಳಸುತ್ತಾರೆ, ಆದರೆ ಅದು ಒಳಗೆ ಏನು ಮಾಡುತ್ತದೆ ಅಂತ ಯಾವತ್ತೂ ಓದಿರುವುದಿಲ್ಲ. ನನಗೆ ಜಾಸ್ತಿ ಚಿಂತೆ ಇರುವುದು ಈ ಎರಡನೆಯದರ ಬಗ್ಗೆ. ಬಿಲ್ಟ್-ಇನ್ ಫಂಕ್ಷನ್‌ಗಳನ್ನು ಸರಿಯಾಗಿ ತಿಳಿಯುವುದೇ ಒಂದು ಓದು. ಅದನ್ನು ಪಾಠದಲ್ಲಿ ಮೊದಲಿಗೆ ತರಬೇಕು ಅನ್ನೋದು ನನ್ನ ವಾದ.

ಪೈಥಾನ್ 3ರಲ್ಲಿ ಇಂಥ ಫಂಕ್ಷನ್‌ಗಳು ಸುಮಾರು 70 ಇವೆ. ಇಂಪೋರ್ಟ್ ಮಾಡುವ, ಅಂದರೆ ಬೇರೆ ಕಡೆಯಿಂದ ತರಿಸಿಕೊಳ್ಳುವ, ಕೆಲಸವೇ ಇಲ್ಲ. ಈ ಪಟ್ಟಿಗೆ ಜಾಗ ಸಿಗುವುದು ಸುಲಭವಲ್ಲ, ಸಿಕ್ಕಿದ್ದು ಉಳಿಯುವುದೂ ಖಾತ್ರಿಯಿಲ್ಲ. ಸಮ್ ಬಂದಿದ್ದು 2003ರಲ್ಲಿ, 2.3 ಆವೃತ್ತಿಯಲ್ಲಿ. ಒಂದಾದರೂ ನಿಜವೇ ಅಂತ ನೋಡುವ ಎನಿ ಮತ್ತು ಎಲ್ಲವೂ ನಿಜವೇ ಅಂತ ನೋಡುವ ಆಲ್ 2006ರಲ್ಲಿ ಬಂದವು. ಲಿಸ್ಟನ್ನೆಲ್ಲ ಒಂದೇ ಉತ್ತರಕ್ಕೆ ಇಳಿಸುವ ರೆಡ್ಯೂಸ್ ಮೊದಲು ಇದೇ ಪಟ್ಟಿಯಲ್ಲಿತ್ತು. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3.0 ಬಂದಾಗ ಅದನ್ನು ಇಂಪೋರ್ಟ್ ಮಾಡಿ ಬಳಸಬೇಕಾದ ಫಂಕ್‌ಟೂಲ್ಸ್ ಮಾಡ್ಯೂಲ್‌ಗೆ ಕಳಿಸಿಬಿಟ್ಟರು.

ಈಗ ಸಾರ್ಟೆಡ್ ನೋಡೋಣ. ಅದರ ಹಿಂದೆ ಇರುವುದು ಟಿಮ್‌ಸಾರ್ಟ್. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನ್‌ಗಾಗಿ ಮಾಡಿದ್ದು. ನಿಜ ಜೀವನದ ಡೇಟಾ ಪೂರ್ತಿ ಕಲಸಿಹೋಗಿರುವುದಿಲ್ಲ, ಅಲ್ಲಲ್ಲಿ ಆಗಲೇ ಕ್ರಮದಲ್ಲಿ ಇರುತ್ತದೆ, ಅಲ್ವಾ? ಟಿಮ್‌ಸಾರ್ಟ್ ಅಂಥ ತುಂಡುಗಳನ್ನು ಹುಡುಕಿ, ಅವನ್ನೇ ಒಂದಕ್ಕೊಂದು ಸೇರಿಸುತ್ತಾ ಹೋಗುತ್ತದೆ. ಜೊತೆಗೆ ಒಂದು ಭರವಸೆಯನ್ನೂ ಕೊಡುತ್ತದೆ. ಇಬ್ಬರ ಮಾರ್ಕ್ಸ್ ಒಂದೇ ಆಗಿದ್ದರೆ, ಮೊದಲು ಯಾವ ಸಾಲಿನಲ್ಲಿ ಇದ್ದರೋ ಅದೇ ಸಾಲಿನಲ್ಲಿ ಉಳಿಯುತ್ತಾರೆ. ಹಾಗಾಗಿ ಮೊದಲು ಹೆಸರಿನ ಪ್ರಕಾರ ಜೋಡಿಸಿ, ಆಮೇಲೆ ಮಾರ್ಕ್ಸ್ ಪ್ರಕಾರ ಜೋಡಿಸಿದರೆ ಒಂದೇ ಮಾರ್ಕ್ಸ್ ಇರುವವರಲ್ಲಿ ಹೆಸರಿನ ಕ್ರಮ ಕೆಡುವುದಿಲ್ಲ. ಇದು ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಜಾವಾ ಕೂಡ ತನ್ನ 7ನೇ ಆವೃತ್ತಿಯಲ್ಲಿ ಇದನ್ನು ತೆಗೆದುಕೊಂಡಿತು. 2015ರಲ್ಲಿ ಸಂಶೋಧಕರು ಇದು ಸರಿ ಅಂತ ಗಣಿತದ ರೀತಿಯಲ್ಲಿ ಸಾಧಿಸಲು ಹೊರಟರು. ಹೋಗಿ ನೋಡಿದರೆ ಅದರಲ್ಲೇ ಒಂದು ಸಣ್ಣ ದೋಷ ಸಿಕ್ಕಿತು. ಅದನ್ನೂ ಸರಿಪಡಿಸಿದರು. 2022ರಲ್ಲಿ, ಪೈಥಾನ್ 3.11 ಬಂದಾಗ, ತುಂಡುಗಳನ್ನು ಯಾವ ಕ್ರಮದಲ್ಲಿ ಸೇರಿಸಬೇಕು ಅನ್ನುವ ಲೆಕ್ಕವನ್ನೇ ಬದಲಿಸಿ ಇನ್ನೂ ಚುರುಕು ಮಾಡಿದರು. ಸಾರ್ಟೆಡ್ ಅಂತ ಬರೆದವರು ಇಷ್ಟರಲ್ಲಿ ತಮ್ಮ ಕೋಡ್‌ನ ಒಂದು ಅಕ್ಷರವನ್ನೂ ಬದಲಿಸಬೇಕಾಗಲಿಲ್ಲ.

ಸಮ್ ಕಥೆಯೂ ಹೀಗೇ ಇದೆ. 0.1 ಅನ್ನು ಹತ್ತು ಸಲ ಕೂಡಿ ನೋಡಿ. ಹಳೆಯ ಪೈಥಾನ್‌ನಲ್ಲಿ ಸಮ್ ಕೊಡುತ್ತಿದ್ದ ಉತ್ತರ 0.9999999999999999. ಕಂಪ್ಯೂಟರ್ 0.1 ಅನ್ನು ಬೈನರಿಯಲ್ಲಿ ನಿಖರವಾಗಿ ಇಟ್ಟುಕೊಳ್ಳಲಾರದು, ಅದಕ್ಕೇ ಹೀಗೆ. 2023ರಲ್ಲಿ ಬಂದ 3.12ರಲ್ಲಿ, ಕೂಡುವಾಗ ಕಳೆದುಹೋಗುವ ಚೂರುಗಳನ್ನು ಸಮ್ ಬೇರೆಯಾಗಿ ಲೆಕ್ಕ ಇಡತೊಡಗಿತು. ಈಗ ಉತ್ತರ 1.0. ಆದರೆ ಲ್ಯಾಬ್‌ನಲ್ಲಿ ಹೇಳಿದ ಹಾಗೆ ಕೈಯಾರೆ ಲೂಪ್ ಬರೆದು ಕೂಡಿದರೆ ಇವತ್ತಿಗೂ ಬರುವುದು 0.9999999999999999. ಹಾಗಾದರೆ ಯಾವ ಪ್ರೋಗ್ರಾಂಗೆ ಜಾಸ್ತಿ ಮಾರ್ಕ್ಸ್ ಕೊಡಬೇಕು, ನೀವೇ ಹೇಳಿ.

ಹಾಗಂತ ಬಿಲ್ಟ್-ಇನ್ ಅನ್ನು ಕಣ್ಣುಮುಚ್ಚಿ ನಂಬಿ ಅಂತ ನಾನು ಹೇಳುತ್ತಿಲ್ಲ. ಪಾಠದ ಅಸಲಿ ಭಾಗ ಶುರುವಾಗುವುದೇ ಇಲ್ಲಿಂದ.

ರೌಂಡ್ ತೆಗೆದುಕೊಳ್ಳಿ. 35 ಬಂದರೆ ಪಾಸ್ ಅಂತ ಇಟ್ಟುಕೊಳ್ಳೋಣ. ಒಬ್ಬ ಹುಡುಗಿಯ ಸರಾಸರಿ 34.5. ಮೇಷ್ಟ್ರು ಕೈಯಲ್ಲಿ ಲೆಕ್ಕ ಮಾಡಿದರೆ 35 ಅಂತ ಬರೆದು ಪಾಸ್ ಮಾಡುತ್ತಾರೆ. ಪೈಥಾನ್ 3ರ ರೌಂಡ್ ಕೊಡುವುದು 34. ಫೇಲ್! ಇದು ಬಗ್ ಅಲ್ಲ. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗಬೇಕು ಅನ್ನೋದು ಅದರ ನಿಯಮ. 35.5 ಇದ್ದರೆ 36 ಆಗುತ್ತದೆ, 34.5 ಇದ್ದರೆ 34. ಅರ್ಧಗಳನ್ನೆಲ್ಲ ಯಾವಾಗಲೂ ಮೇಲಕ್ಕೇ ಏರಿಸಿದರೆ ದೊಡ್ಡ ಲೆಕ್ಕಗಳಲ್ಲಿ ಒಟ್ಟು ಮೊತ್ತ ಮೇಲಕ್ಕೇ ವಾಲುತ್ತದೆ. ಅದನ್ನು ತಡೆಯಲು ಮಾಡಿದ ನಿಯಮ ಇದು. ಬ್ಯಾಂಕಿನ ಲೆಕ್ಕಕ್ಕೆ ಇದು ಸರಿ. ಆ ಹುಡುಗಿಯ ಮಾರ್ಕ್ಸ್ ಕಾರ್ಡ್‌ಗೆ? ಪೈಥಾನ್ 2ರಲ್ಲಿ ಇದೇ ರೌಂಡ್ 35 ಕೊಡುತ್ತಿತ್ತು ಅನ್ನೋದನ್ನೂ ಸೇರಿಸಿಕೊಳ್ಳಿ. ಈ ನಿಯಮ ತಿಳಿಯದೆ ರಿಸಲ್ಟ್ ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿ ಮಕ್ಕಳ ವರ್ಷವೇ ಹೋಗಬಹುದು.

ಎರಡು ಲಿಸ್ಟ್‌ಗಳನ್ನು ಜೋಡಿ ಜೋಡಿಯಾಗಿ ಸೇರಿಸುವ ಜಿಪ್ ಇನ್ನೊಂದು. ಒಂದು ಲಿಸ್ಟ್‌ನಲ್ಲಿ 60 ಹೆಸರು, ಇನ್ನೊಂದರಲ್ಲಿ 59 ಮಾರ್ಕ್ಸ್. ಎರಡನ್ನೂ ಜಿಪ್ ಮಾಡಿದರೆ 59 ಜೋಡಿ ಬರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಕೊನೆಯ ಹೆಸರು ಸುಮ್ನೆ ಮಾಯ. ಮಧ್ಯದಲ್ಲಿ ಯಾರದೋ ಮಾರ್ಕ್ಸ್ ಬಿಟ್ಟುಹೋಗಿದ್ದರಂತೂ ಅಲ್ಲಿಂದ ಮುಂದೆ ಎಲ್ಲರಿಗೂ ಬೇರೆಯವರ ಮಾರ್ಕ್ಸ್. 2021ರಲ್ಲಿ ಬಂದ 3.10ರಿಂದ ಸ್ಟ್ರಿಕ್ಟ್ ಅನ್ನುವ ಆಯ್ಕೆ ಇದೆ. ಅದನ್ನು ಟ್ರೂ ಮಾಡಿದರೆ ಉದ್ದ ಹೊಂದದಿದ್ದಾಗ ಎರರ್ ಬರುತ್ತದೆ. ಅದನ್ನು ಹಾಕುವುದು ಅಭ್ಯಾಸವಾಗಬೇಕು. ಹಾಗೆಯೇ ಆಲ್‌ಗೆ ಖಾಲಿ ಲಿಸ್ಟ್ ಕೊಟ್ಟರೆ ಟ್ರೂ ಅನ್ನುತ್ತದೆ. ತರ್ಕದ ಪ್ರಕಾರ ಅದು ಸರಿಯೇ. ಆದರೆ ಡೇಟಾ ಲೋಡ್ ಆಗದೇ ಇದ್ದಾಗಲೂ ಸ್ಕ್ರೀನ್ ಮೇಲೆ "ಎಲ್ಲರೂ ಪಾಸ್" ಅಂತ ಬಂದರೆ?

ಶುರುವಿನಲ್ಲಿ ಕಲಿಯುವವರನ್ನು ಜಾಸ್ತಿ ಕಾಡುವುದು ಹೆಸರಿನ ಗೊಂದಲ. ಮೊತ್ತ ಇಟ್ಟುಕೊಳ್ಳಲು ಒಂದು ವೇರಿಯೆಬಲ್, ಅಂದರೆ ಹೆಸರಿಟ್ಟ ಜಾಗ, ಬೇಕು, ಅದಕ್ಕೆ ಸಮ್ ಅಂತಲೇ ಹೆಸರಿಡುತ್ತಾರೆ. ಪೈಥಾನ್ ಬೇಡ ಅನ್ನುವುದಿಲ್ಲ, ಯಾಕೆಂದರೆ ಸಮ್ ಕೀವರ್ಡ್ ಅಲ್ಲ, ಅಂದರೆ ಪೈಥಾನ್ ತನಗೇ ಅಂತ ಕಾದಿಟ್ಟ ಪದ ಅಲ್ಲ. ಹತ್ತು ಸಾಲು ಕೆಳಗೆ ನಿಜವಾದ ಸಮ್ ಕರೆದಾಗ, ಇದು ಪೂರ್ಣಾಂಕ, ಇದನ್ನು ಕರೆಯಲು ಬರುವುದಿಲ್ಲ ಅಂತ ಎರರ್. ಪೈಥಾನ್ ಒಂದು ಹೆಸರನ್ನು ಮೊದಲು ಫಂಕ್ಷನ್ ಒಳಗೆ ಹುಡುಕುತ್ತದೆ, ಆಮೇಲೆ ಅದನ್ನು ಸುತ್ತುವರಿದ ಫಂಕ್ಷನ್‌ನಲ್ಲಿ, ಆಮೇಲೆ ಫೈಲ್ ಮಟ್ಟದಲ್ಲಿ, ಎಲ್ಲಕ್ಕಿಂತ ಕೊನೆಗೆ ಬಿಲ್ಟ್-ಇನ್‌ಗಳಲ್ಲಿ. ನೀವಿಟ್ಟ ಹೆಸರು ಮೊದಲೇ ಸಿಕ್ಕರೆ ಹುಡುಕಾಟ ಅಲ್ಲಿಗೇ ಮುಗಿಯಿತು. ವಿಚಿತ್ರ ನೋಡಿ, ಸಮ್ ಬಳಸಬೇಡಿ ಅಂತ ಹೇಳಿಕೊಟ್ಟ ಕ್ಲಾಸಿನಲ್ಲೂ ಈ ಎರರ್ ಬರುತ್ತದೆ. ಆ ಹೆಸರನ್ನು ಬೇರೆಯದಕ್ಕೆ ಇಟ್ಟರೆ ಫಂಕ್ಷನ್ ಮರೆಯಾಗುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಕನ್ನಡಕ್ಕೆ ಬರೋಣ. ಇದನ್ನು ಬೇರೆ ಭಾಷೆಯ ಯಾವ ಟ್ಯುಟೋರಿಯಲ್ ಕೂಡ ನಮಗೆ ಹೇಳಿಕೊಡುವುದಿಲ್ಲ.

ಉದ್ದ ಎಣಿಸುವ ಲೆನ್‌ಗೆ "ಮೈಸೂರು" ಕೊಡಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಲೆನ್ ಹೇಳುವುದು 6. ಮ, ಐತ್ವ, ಸ, ಕೊಂಬಿನ ಇಳಿ, ರ, ಕೊಂಬು, ಹೀಗೆ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಒಂದೊಂದಕ್ಕೂ ಬೇರೆ ಸಂಕೇತ ಇದೆ. ಲೆನ್ ಎಣಿಸುವುದು ಅವನ್ನೇ. ಮೊದಲ ಮೂರನ್ನು ಕತ್ತರಿಸಿ ತೆಗೆದರೆ ಸಿಗುವುದು "ಮೈಸ". ರಿವರ್ಸ್ಡ್ ಬಳಸಿ ತಿರುಗಿಸಿದರೆ ಮೊದಲಿಗೇ ಕೊಂಬು ಬಂದು, ಅಂಟಿಕೊಳ್ಳಲು ಅಕ್ಷರವಿಲ್ಲದೆ ನಿಲ್ಲುತ್ತದೆ. ಹೆಸರು ಹತ್ತು ಅಕ್ಷರ ಮೀರಬಾರದು ಅಂತ ಫಾರ್ಮ್‌ನಲ್ಲಿ ಲೆನ್ ಹಾಕಿ ತಡೆದರೆ, ಎಷ್ಟೋ ಕನ್ನಡ ಹೆಸರುಗಳು ಐದಾರು ಅಕ್ಷರಕ್ಕೇ ನಿಂತುಹೋಗುತ್ತವೆ.

ಖುಷಿಯ ಸಂಗತಿಯೂ ಇದೆ. ಇಂಟ್ ಫಂಕ್ಷನ್‌ಗೆ ಕನ್ನಡ ಅಂಕಿಯಲ್ಲೇ "೧೨೩" ಅಂತ ಕೊಟ್ಟು ನೋಡಿ. 123 ಬರುತ್ತದೆ. ಯಾವ ಲೈಬ್ರರಿಯೂ ಬೇಡ. ಕನ್ನಡದಲ್ಲಿ ಅಂಕಿ ಬರೆಯುವವರಿಗೆ ಅಪ್ಲಿಕೇಶನ್ ಮಾಡುವವರು ಇದನ್ನು ತಿಳಿದಿರಬೇಕು. ಇದಕ್ಕಾಗಿ ಪುಟಗಟ್ಟಲೆ ಕೋಡ್ ಬರೆಯುವ ಅಗತ್ಯ ಇಲ್ಲ.

ಮತ್ತೆ ಸಾರ್ಟೆಡ್. ಅದಕ್ಕೆ "ಬಸವಕಲ್ಯಾಣ", "ಬಳ್ಳಾರಿ" ಎರಡನ್ನೂ ಕೊಟ್ಟರೆ ಬಳ್ಳಾರಿ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಹಾಗಾಗಿ ನಿಘಂಟಿನ ಕ್ರಮದಲ್ಲಿ ಬಸವಕಲ್ಯಾಣವೇ ಮೊದಲು. ಆದರೆ ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಪಕ್ಕದಲ್ಲಿ. ಸಾರ್ಟೆಡ್ ನೋಡುವುದು ಆ ಸಂಕೇತದ ಸಂಖ್ಯೆಯನ್ನು ಮಾತ್ರ. ಸರಿಪಡಿಸಲು ಅದರಲ್ಲೇ ದಾರಿ ಇದೆ. ಕೀ ಅಂತ ಒಂದು ಆಯ್ಕೆ. ಯಾವ ಕ್ರಮ ಬೇಕು ಅಂತ ನಾವು ಬರೆದ ಫಂಕ್ಷನ್ ಅನ್ನು ಅಲ್ಲಿ ಕೊಡಬಹುದು.

ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ. ಬಬಲ್ ಸಾರ್ಟ್ ಒಂದು ವಾರ ಇರಲಿ. ಮುಂದಿನ ವಾರ ಇಪ್ಪತ್ತು ಊರಿನ ಹೆಸರು ಕೊಟ್ಟು, ಕನ್ನಡ ನಿಘಂಟಿನ ಕ್ರಮದಲ್ಲಿ ಜೋಡಿಸಿ, ಸಾರ್ಟೆಡ್ ಬಳಸಲೇಬೇಕು ಅಂತ ಹೇಳಿ. ಕೀ ಬರೆಯಲು ಹುಡುಗರು ಡಾಕ್ಯುಮೆಂಟೇಶನ್ ಓದಲೇಬೇಕಾಗುತ್ತದೆ. ಆರ್ಡ್ ಬಳಸಿ ಅಕ್ಷರದ ಸಂಖ್ಯೆ ನೋಡಬೇಕಾಗುತ್ತದೆ. ಕ ಅಂದರೆ 3221 ಅಂತ ಗೊತ್ತಾಗುತ್ತದೆ. ಳ ಅನ್ನು ಹ ನಂತರಕ್ಕೆ ಹೇಗೆ ತಳ್ಳುವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಒತ್ತಕ್ಷರ ಬಂದರೆ ಏನು ಮಾಡುವುದು, ಅನುಸ್ವಾರ ಎಲ್ಲಿ ಬರಬೇಕು ಅಂತ ಒಬ್ಬರಿಗೊಬ್ಬರು ವಾದ ಮಾಡುತ್ತಾರೆ. ಇದಕ್ಕೆ ಗೈಡ್‌ನಲ್ಲಿ ಬಾಯಿಪಾಠ ಮಾಡುವಂಥ ಉತ್ತರ ಇರುವುದಿಲ್ಲ.