ಗಿಡದ ಮದ್ದು ಎಲ್ಲಿ ಹೋಗಿ ಕೂರುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಗಿಡಮೂಲಿಕೆ ಎಂದ ಕೂಡಲೇ ಜನ ನನ್ನ ಹತ್ತಿರ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವ ಗಿಡ ಯಾವ ಕಾಯಿಲೆಗೆ ಒಳ್ಳೆಯದು? ಅದರಿಂದ ತೊಂದರೆ ಏನೂ ಇಲ್ಲ ತಾನೇ? ಇವೆರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇವತ್ತು ನಾನು ನಿಮಗೆ ಬೇರೆಯೇ ಒಂದು ಪ್ರಶ್ನೆ ಕೊಡುತ್ತೇನೆ. ಆ ಮದ್ದು ಮೈಯೊಳಗೆ ಎಲ್ಲಿ ಹೋಗಿ ಕೂರುತ್ತದೆ? ಇದೊಂದು ಗೊತ್ತಾದರೆ ಉಳಿದ ಎರಡಕ್ಕೂ ಉತ್ತರ ಸಿಗುತ್ತದೆ.

ನಮ್ಮ ಮೈಯೆಲ್ಲ ಜೀವಕೋಶಗಳು. ಒಂದೊಂದು ಜೀವಕೋಶದೊಳಗೂ ಸಾವಿರಾರು ಬಗೆಯ ಪ್ರೋಟೀನುಗಳು ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಕೆಲವು ಉಪ್ಪಿನಂಶವನ್ನು ಒಳಗೆ ಹೊರಗೆ ಸಾಗಿಸುತ್ತವೆ. ಕೆಲವು ಹೊರಗಿನ ಸಂದೇಶವನ್ನು ಒಳಗೆ ಮುಟ್ಟಿಸುತ್ತವೆ. ಕೆಲವು ಜೀವಕೋಶ ಎರಡಾಗುವಾಗ ನೆರವಿಗೆ ನಿಲ್ಲುತ್ತವೆ. ಗಿಡದಲ್ಲಿರುವ ಯಾವುದೋ ಒಂದು ಅಣು ಇಂಥ ಪ್ರೋಟೀನಿನ ಸಂದಿಯಲ್ಲಿ ಹೋಗಿ ಕೂತರೆ ಆ ಕೆಲಸ ನಿಲ್ಲುತ್ತದೆ, ನಿಧಾನವಾಗುತ್ತದೆ, ಇಲ್ಲವೇ ಜೋರಾಗುತ್ತದೆ. ಮದ್ದು ಎಂದರೆ ಇಷ್ಟೇ. ವಿಷ ಎಂದರೂ ಇಷ್ಟೇ.

ಗಿಡ ಈ ಅಣುಗಳನ್ನು ನಮಗೋಸ್ಕರ ಮಾಡುವುದಿಲ್ಲ. ಹುಳ ಬಂದು ಎಲೆ ತಿಂದರೆ ಗಿಡ ಎದ್ದು ಓಡುವ ಹಾಗಿಲ್ಲ ಅಲ್ವಾ? ಅದಕ್ಕೇ ತಿಂದವರ ನರ, ಹೃದಯ, ಹೊಟ್ಟೆ ಕೆಡಿಸುವ ರಾಸಾಯನಿಕಗಳನ್ನು ಎಲೆಯಲ್ಲಿ, ಬೇರಿನಲ್ಲಿ, ತೊಗಟೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ. ಹುಳದ ಜೀವಕೋಶದಲ್ಲಿರುವ ಎಷ್ಟೋ ಪ್ರೋಟೀನುಗಳು ಹೆಚ್ಚುಕಮ್ಮಿ ಅದೇ ರೂಪದಲ್ಲಿ ನಮ್ಮಲ್ಲೂ ಇವೆ. ಹಾಗಾಗಿ ಹುಳಕ್ಕೆಂದು ಮಾಡಿದ ಅಣು ನಮ್ಮ ಮೇಲೂ ಕೆಲಸ ಮಾಡುತ್ತದೆ.

ಈಗ ಒಂದು ಕಥೆ. ನನಗೆ ಬಹಳ ಪ್ರೀತಿಯ ಕಥೆ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ನಿತ್ಯಪುಷ್ಪ ನಿಮಗೆ ಗೊತ್ತು. ಕಾಶಿಕಣಗಿಲೆ ಎಂದೂ ಹೇಳುತ್ತಾರೆ. ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂವು. ಅದರ ಮೂಲ ಮಡಗಾಸ್ಕರ್ ದ್ವೀಪ. ಈಗ ಬೆಚ್ಚಗಿನ ನಾಡುಗಳಲ್ಲೆಲ್ಲ ಬೆಳೆಯುತ್ತದೆ. ಹಲವು ದೇಶಗಳಲ್ಲಿ ಜನ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. 1952ರಲ್ಲಿ ಜಮೈಕಾದಿಂದ ಕೆನಡಾದ ಒಬ್ಬ ವೈದ್ಯರಿಗೆ ಒಂದು ಲಕೋಟೆ ಬಂತು. ಒಳಗೆ ಈ ಗಿಡದ 25 ಎಲೆಗಳು. ಆ ವೈದ್ಯರ ಹೆಸರು ಕ್ಲಾರ್ಕ್ ನೋಬಲ್.

ಈ ಕ್ಲಾರ್ಕ್ ನೋಬಲ್ ಯಾರು ಗೊತ್ತೇ? 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಎಂಬ ವೈದ್ಯರು ಸಕ್ಕರೆ ಕಾಯಿಲೆಯ ಮದ್ದಾದ ಇನ್ಸುಲಿನ್ ಹುಡುಕಲು ಹೊರಟಾಗ ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು. ಮೊದಲು ಯಾರು ಸೇರಬೇಕು ಎಂದು ನಾಣ್ಯ ಚಿಮ್ಮಿದರು. ಗೆದ್ದವರು ಚಾರ್ಲ್ಸ್ ಬೆಸ್ಟ್. ಬ್ಯಾಂಟಿಂಗ್ ಹೆಸರಿನ ಜೊತೆ ಇವತ್ತಿಗೂ ಬೆಸ್ಟ್ ಹೆಸರು ಬರುತ್ತದೆ. ಸೋತವರು ಕ್ಲಾರ್ಕ್ ನೋಬಲ್. ಸಕ್ಕರೆ ಕಾಯಿಲೆಯ ಎಲೆ ಮೂವತ್ತು ವರ್ಷದ ಮೇಲೆ ಹುಡುಕಿಕೊಂಡು ಬಂದದ್ದು ಇವರ ಮನೆಗೇ. ಅವರು ಅದನ್ನು ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ರಾಬರ್ಟ್ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು.

ರಾಬರ್ಟ್ ಎಲೆಯ ಸಾರ ತೆಗೆದು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಸೂಜಿಯಿಂದ ಕೊಟ್ಟು ನೋಡಿದರು. ಆಗಲೂ ಇಳಿಯಲಿಲ್ಲ. ಆದರೆ ಸೂಜಿ ಚುಚ್ಚಿಸಿಕೊಂಡ ಇಲಿಗಳು ಕೆಲವೇ ದಿನಗಳಲ್ಲಿ ಸತ್ತವು. ಕೊಯ್ದು ನೋಡಿದರೆ ಮೈತುಂಬ ಬ್ಯಾಕ್ಟೀರಿಯಾ ಸೋಂಕು, ಕೀವು. ರಕ್ತ ಪರೀಕ್ಷಿಸಿದರೆ ಬಿಳಿ ರಕ್ತಕಣಗಳು ಕುಸಿದುಹೋಗಿವೆ. ಅವನ್ನು ಹುಟ್ಟಿಸುವ ಮೂಳೆಯ ಮಜ್ಜೆಯೇ ಸೊರಗಿದೆ.

ಸಕ್ಕರೆ ಕಾಯಿಲೆಗೆ ಪ್ರಯೋಜನವಿಲ್ಲ ಎಂದು ಬರೆದು ಕಡತ ಮುಚ್ಚಬಹುದಿತ್ತು. ರಾಬರ್ಟ್ ಮುಚ್ಚಲಿಲ್ಲ. ಬಿಳಿ ರಕ್ತಕಣ ಮಿತಿ ಮೀರಿ ಹೆಚ್ಚುವ ಕಾಯಿಲೆಯೂ ಒಂದಿದೆಯಲ್ಲ, ರಕ್ತದ ಕ್ಯಾನ್ಸರ್, ಅದರ ಮೇಲೆ ಈ ಎಲೆ ಏನು ಮಾಡೀತು ಎಂದು ಯೋಚಿಸಿದರು. ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಜೊತೆಗೂಡಿದರು. ರಾಶಿ ರಾಶಿ ಎಲೆಯಿಂದ ಚಿಟಿಕೆಯಷ್ಟು ಶುದ್ಧ ವಸ್ತು ಬಂತು. 1958ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವಿನ್‌ಬ್ಲಾಸ್ಟಿನ್. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲಿ ಕಂಪನಿಯ ಸಂಶೋಧಕರೂ ಇದೇ ಗಿಡದ ಹಿಂದೆ ಬಿದ್ದಿದ್ದರು. ಅವರಿಗೆ ವಿನ್‌ಕ್ರಿಸ್ಟಿನ್ ಸಿಕ್ಕಿತು. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಬಂತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆ ಇವತ್ತಿಗೂ ಅದನ್ನೇ ಕೊಡುತ್ತಾರೆ. ಎಷ್ಟೋ ಮಕ್ಕಳು ಅದರಿಂದ ಬದುಕಿ, ಬೆಳೆದು ದೊಡ್ಡವರಾಗಿದ್ದಾರೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ನಮ್ಮ ಪ್ರಶ್ನೆ. ಈ ಅಣು ಎಲ್ಲಿ ಹೋಗಿ ಕೂರುತ್ತದೆ?

ಜೀವಕೋಶ ಒಂದು ಎರಡಾಗುವಾಗ ಒಳಗಿನ ವರ್ಣತಂತುಗಳು ಎರಡು ಪಾಲಾಗಬೇಕು. ಅವನ್ನು ಎರಡು ಕಡೆಗೆ ಎಳೆಯಲು ಹಗ್ಗದಂಥ ಎಳೆಗಳಿವೆ. ಟ್ಯುಬುಲಿನ್ ಎಂಬ ಪ್ರೋಟೀನಿನ ತುಣುಕುಗಳು ಒಂದಕ್ಕೊಂದು ಸೇರಿ ಆ ಎಳೆ ಆಗುತ್ತದೆ. ನಿತ್ಯಪುಷ್ಪದ ಅಣು ಹೋಗಿ ಕೂರುವುದು ಈ ಟ್ಯುಬುಲಿನ್ ಮೇಲೆ. ಆಗ ಎಳೆ ಬೆಳೆಯುವುದಿಲ್ಲ. ಜೀವಕೋಶ ಅರ್ಧಕ್ಕೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕ್ಯಾನ್ಸರ್ ಜೀವಕೋಶ ಬಿಡದೆ ಎರಡಾಗುತ್ತಲೇ ಇರುತ್ತದೆ, ಅದಕ್ಕೇ ಅದಕ್ಕೆ ಪೆಟ್ಟು ಜಾಸ್ತಿ.

ಆದರೆ ಮೂಳೆಯ ಮಜ್ಜೆಯೂ ಬಿಡದೆ ಹೊಸ ಜೀವಕೋಶ ಹುಟ್ಟಿಸುತ್ತಿರುತ್ತದೆ. ಇಲಿಗಳು ಸತ್ತದ್ದು ಅದಕ್ಕೇ. ಕೂದಲಿನ ಬುಡವೂ ಹಾಗೆಯೇ, ಕೂದಲು ಉದುರುವುದು ಅದಕ್ಕೇ. ನರಗಳು ಎರಡಾಗುವುದಿಲ್ಲ ನಿಜ, ಆದರೆ ಉದ್ದದ ನರದೊಳಗೆ ಸರಕು ಸಾಗುವುದು ಅದೇ ಎಳೆಗಳ ಮೇಲೆ. ವಿನ್‌ಕ್ರಿಸ್ಟಿನ್ ಪಡೆದವರಿಗೆ ಕೈಕಾಲಿನ ಬೆರಳು ಜೋಮು ಹಿಡಿಯುವುದು ಇದರಿಂದ. ರೋಗ ಹೊಡೆಯುವುದೂ ಅಲ್ಲೇ ಕೂತು, ತೊಂದರೆ ಕೊಡುವುದೂ ಅಲ್ಲೇ ಕೂತು. ಗಿಡದ್ದು ಎಂಬ ಕಾರಣಕ್ಕೆ ಅದು ಮೆತ್ತಗಾಗುವುದಿಲ್ಲ.

ಇದನ್ನು ಕೇಳಿದ ಮೇಲೂ ಕೆಲವರು ಕೇಳುತ್ತಾರೆ, ಹಾಗಾದರೆ ಎಲೆಯನ್ನೇ ಕುದಿಸಿ ಕುಡಿಯಬಹುದಲ್ಲ ಎಂದು. ದಯವಿಟ್ಟು ಬೇಡ. ದೊಡ್ಡವರಿಗೂ ಒಂದು ಸಲಕ್ಕೆ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಅದೂ ರಕ್ತನಾಳಕ್ಕೆ ಮಾತ್ರ, ರಕ್ತ ಪರೀಕ್ಷೆ ನೋಡಿಕೊಂಡು. ಎಲೆಯಲ್ಲಿ ಇಂಥ ಅಣುಗಳು 100ಕ್ಕೂ ಹೆಚ್ಚು ಬಗೆಯವು ಇವೆ. ಒಂದು ಲೋಟ ಕಷಾಯದಲ್ಲಿ ಯಾವುದು ಎಷ್ಟಿದೆ, ಅದು ಎಲ್ಲಿ ಹೋಗಿ ಕೂರುತ್ತದೆ ಎಂದು ಯಾರು ಹೇಳಬಲ್ಲರು?

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಫಾಕ್ಸ್‌ಗ್ಲೋವ್ ಎಂಬ ಗಿಡ. ಮೈ ಊದಿಕೊಂಡವರಿಗೆ ಕೊಡುತ್ತಿದ್ದ 20ಕ್ಕೂ ಹೆಚ್ಚು ಮೂಲಿಕೆಗಳ ಕಷಾಯವೊಂದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಕಣ್ಣಿಗೆ ಬಿತ್ತು. ಕೆಲಸ ಮಾಡುವುದು ಅದರಲ್ಲಿ ಈ ಒಂದೇ ಗಿಡ ಎಂದು ಅವರು ಗುರುತಿಸಿದರು. 1785ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅದರ ಜಾತಿಯ ಗಿಡದಿಂದ ಬಂದ ಹೃದಯದ ಮದ್ದು ಡಿಗಾಕ್ಸಿನ್ ಹೋಗಿ ಕೂರುವುದು ಹೃದಯದ ಸ್ನಾಯುವಿನಲ್ಲಿ ಸೋಡಿಯಂ ಹೊರಹಾಕುವ ಪಂಪಿನ ಮೇಲೆ. ಪಂಪು ನಿಧಾನವಾಗುತ್ತದೆ, ಒಳಗೆ ಕ್ಯಾಲ್ಸಿಯಂ ಉಳಿಯುತ್ತದೆ, ಹೃದಯ ಗಟ್ಟಿಯಾಗಿ ಹಿಂಡುತ್ತದೆ. ಪ್ರಮಾಣ ಕೊಂಚ ಹೆಚ್ಚಾದರೆ ಬಡಿತವೇ ತಪ್ಪುತ್ತದೆ. ಅದೇ ಪಂಪು, ಅದೇ ಅಣು.

ಗಿಡದಿಂದಲೇ ಬಂದ ಮಲೇರಿಯಾದ ಮದ್ದು ಆರ್ಟಿಮಿಸಿನಿನ್ ಇನ್ನೊಂದು. ಚೀನಾದ ತು ಯೂಯೂ ಅವರಿಗೆ 2015ರಲ್ಲಿ ಇದಕ್ಕೇ ನೊಬೆಲ್ ಬಂತು. ಗಿಡವನ್ನು ಕುದಿಸಿದರೆ ಅಣು ಹಾಳಾಗುತ್ತಿತ್ತು. ಅವರು ಹೆಚ್ಚು ಬಿಸಿ ಮಾಡದೆ ಈಥರ್ ಎಂಬ ದ್ರವದಲ್ಲಿ ಸಾರ ತೆಗೆದರು. ಮಲೇರಿಯಾ ಪರಾವಲಂಬಿ ನಮ್ಮ ರಕ್ತದ ಹಿಮೋಗ್ಲೋಬಿನ್ ತಿನ್ನುತ್ತದೆ, ಅದರಿಂದ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಆ ಕಬ್ಬಿಣ ತಾಗಿದಾಗ ಆರ್ಟಿಮಿಸಿನಿನ್ ಒಡೆದು ಪರಾವಲಂಬಿಯ ಪ್ರೋಟೀನುಗಳಿಗೆ ಅಂಟಿ ಅವನ್ನು ಕೆಡಿಸುತ್ತದೆ.

ಅರಿಶಿನದ ಕರ್ಕ್ಯುಮಿನ್ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ಗಾಜಿನ ತಟ್ಟೆಯಲ್ಲಿಟ್ಟ ಕ್ಯಾನ್ಸರ್ ಜೀವಕೋಶದ ಮೇಲೆ ಸುರಿದರೆ ಅದು ಸಾಯುತ್ತದೆ ನಿಜ. ಆದರೆ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಸೇರಿದ್ದನ್ನೂ ಕರುಳು, ಯಕೃತ್ತು ಬೇಗನೆ ಬೇರೆ ರೂಪಕ್ಕೆ ತಿರುಗಿಸಿ ಹೊರಹಾಕುತ್ತವೆ. ಕೂರಬೇಕಾದ ಜಾಗಕ್ಕೆ ಮುಟ್ಟದಿದ್ದರೆ ತಟ್ಟೆಯಲ್ಲಿ ಗೆದ್ದು ಏನು ಬಂತು?

ಇನ್ನು ಈಶ್ವರಬಳ್ಳಿಯ ಜಾತಿಯ ಗಿಡಗಳು. ಅವುಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡದ ಜೀವಕೋಶದಲ್ಲಿ ನೇರ ಡಿಎನ್‌ಎ ಮೇಲೆಯೇ ಅಂಟಿಕೊಳ್ಳುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಈ ಜಾತಿಯ ಗಿಡ ಬೆರೆತ ಮಾತ್ರೆ ನುಂಗಿ ಎಷ್ಟೋ ಹೆಂಗಸರ ಮೂತ್ರಪಿಂಡ ಕೆಟ್ಟಿತು. ಅವರು ನುಂಗಿದ್ದು ತೂಕ ಇಳಿಸಲು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಮೂಲಿಕೆ ತಾನೇ, ಸುಮ್ನೆ ತಗೊಳ್ಳಿ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಯದಾಗಿ, ಬೇರೆ ಮಾತ್ರೆ ನುಂಗುವವರಿಗೆ ಒಂದು ಮಾತು. ಮನಸ್ಸಿನ ಬೇಸರಕ್ಕೆಂದು ತಗೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯಿದೆ. ಅದರ ಅಣು ಯಕೃತ್ತಿನ ಒಂದು ಪ್ರೋಟೀನಿನಲ್ಲಿ ಕೂತು, ಔಷಧ ಕರಗಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆಗ ಗರ್ಭನಿರೋಧಕ ಮಾತ್ರೆಯಾಗಲಿ, ಅಂಗ ಕಸಿ ಆದವರು ನುಂಗುವ ಮಾತ್ರೆಯಾಗಲಿ ಬೇಗ ಕರಗಿ ಹೋಗುತ್ತದೆ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸಿದ ಪ್ರಕರಣಗಳೂ ಇವೆ. ಹಾಗಾಗಿ ವೈದ್ಯರ ಹತ್ತಿರ ಹೋಗುವಾಗ ನೀವು ತಗೊಳ್ಳುವ ಪುಡಿ, ಕಷಾಯ, ಲೇಹ್ಯ ಎಲ್ಲದರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಕೇಳದಿದ್ದರೂ ತೋರಿಸಿ.

ನಮಸ್ಕಾರ.